ಕೋನಿನ ಸ್ವಂತ ದನಿ

ಧ್ವನಿವರ್ಧಕವೊಂದನ್ನು ಬಿಚ್ಚಿ ನೋಡಿದರೆ ಕಣ್ಣಿಗೆ ಬೀಳುವುದು ಮುಖ್ಯವಾಗಿ ಎರಡು ವಸ್ತುಗಳು: ಕಾಗದ ಮತ್ತು ಕಬ್ಬಿಣ. ಹಿಂಬದಿಯಲ್ಲಿ ಅಯಸ್ಕಾಂತವನ್ನು ಅಪ್ಪಿಕೊಂಡ ಕಬ್ಬಿಣದ ತಟ್ಟೆಗಳು, ಮುಂದುಗಡೆ ಕೋನು ಎನ್ನುವ ಶಂಕುವಿನಾಕಾರದ ಕಾಗದ, ಎರಡರ ನಡುವೆ ತಾಮ್ರದ ತಂತಿಯ ಪುಟ್ಟ ಸುರುಳಿ. ಕಾಗದ, ಕಬ್ಬಿಣ ಎರಡನ್ನೂ ದಶಕಗಳ ಕಾಲ ಒಂದೇ ಊರಿನಲ್ಲಿ ಮಾಡಿದ ಹೆಗ್ಗಳಿಕೆ ಭದ್ರಾವತಿಯದು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವ ಕುಲುಮೆ ಇಲ್ಲಿ ಉರಿಯತೊಡಗಿದ್ದು 1923ರಲ್ಲಿ. ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. 1965ರಲ್ಲಿ ಆಕಾಶವಾಣಿಯ ಭದ್ರಾವತಿ ಕೇಂದ್ರವೂ ಬಂದು, ಕಬ್ಬಿಣ ಮತ್ತು ಕಾಗದದ ಊರಿಗೆ ಶಬ್ದದ ಹೆಸರೂ ಸೇರಿಕೊಂಡಿತು.

ಇಂದು ನಾವು ಬಳಸುವ ಬಗೆಯ ಧ್ವನಿವರ್ಧಕದ ಚೊಕ್ಕ ವಿವರಣೆಯನ್ನು ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಪ್ರಕಟಿಸಿದ್ದು 1925ರಲ್ಲಿ. ನೂರು ವರ್ಷಗಳಲ್ಲಿ ಅದರ ಮೂಲ ರಚನೆ ಹೆಚ್ಚು ಬದಲಾಗಿಲ್ಲ. ಕೋನಿನ ಮೂಲ ತೊಂದರೆಯೂ ಬದಲಾಗಿಲ್ಲ. ನಾವು ಕೊಟ್ಟ ದನಿಯನ್ನಷ್ಟೇ ಅದು ನುಡಿಯಬೇಕು. ಆದರೆ ಅದಕ್ಕೆ ತನ್ನದೇ ಒಂದು ದನಿ ಇದೆ, ಅವಕಾಶ ಸಿಕ್ಕಾಗಲೆಲ್ಲ ಅದನ್ನೂ ಬೆರೆಸಿಬಿಡುತ್ತದೆ. ಆ ದನಿಯನ್ನು ಹತ್ತಿಕ್ಕುವುದು ಕ್ರಾಸ್‌ಓವರ್ ಫಿಲ್ಟರಿನ ಕೆಲಸದಲ್ಲಿ ಅರ್ಧ ಪಾಲು ಎಂಬುದು ನನ್ನ ಅಭಿಪ್ರಾಯ. ಪಠ್ಯಪುಸ್ತಕಗಳು ಉಳಿದರ್ಧವನ್ನು ಮಾತ್ರ ಹೇಳುತ್ತವೆ: ಕೆಳಸ್ವರಗಳನ್ನು ದೊಡ್ಡ ಸ್ಪೀಕರಾದ ವೂಫರಿಗೆ, ಮೇಲ್ಸ್ವರಗಳನ್ನು ಪುಟ್ಟ ಸ್ಪೀಕರಾದ ಟ್ವೀಟರಿಗೆ ಹಂಚುವುದು.

ಕಾಗದದ ಕೋನು ತಯಾರಾಗುವುದು ಕಾಗದ ತಯಾರಾಗುವ ಹಾಗೆಯೇ. ಮರದ ನಾರನ್ನು ನೀರಿನಲ್ಲಿ ಅರೆದು ತೆಳ್ಳನೆಯ ರಾಡಿ ಮಾಡಿ, ಕೋನಿನ ಆಕಾರದ ತಂತಿಜಾಲರಿಯ ಮೇಲೆ ಅದನ್ನು ಇಳಿಸುತ್ತಾರೆ. ನೀರು ಸೋರಿಹೋಗಿ ನಾರು ಒಂದಕ್ಕೊಂದು ಹೆಣೆದುಕೊಂಡು ಉಳಿಯುತ್ತದೆ. ಆಮೇಲೆ ಒತ್ತಿ ಒಣಗಿಸುತ್ತಾರೆ. ಉದ್ದನೆಯ ನಾರು ಬಿಗಿ ಕೊಡುತ್ತದೆ. ಉಣ್ಣೆ ಅಥವಾ ಬೂರುಗದ ಹತ್ತಿಯಂಥ ಮೆತ್ತನೆಯ ನಾರು ಬೆರೆತರೆ ಕಂಪನವನ್ನು ನುಂಗುವ ಗುಣ ಬರುತ್ತದೆ. ಬಿಗಿ ಹೆಚ್ಚಿದ ಕೋನು ಹೆಚ್ಚು ಆವರ್ತಾಂಕದವರೆಗೆ ಅಖಂಡವಾಗಿ ಚಲಿಸುತ್ತದೆ, ಮೆತುವು ಹೆಚ್ಚಿದ ಕೋನು ಬೇಗ ಬಾಗಿದರೂ ಬೇಗ ಸುಮ್ಮನಾಗುತ್ತದೆ. ಎರಡನ್ನೂ ಪೂರ್ತಿಯಾಗಿ ಕೊಡುವ ವಸ್ತು ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ಸಾಮಾನ್ಯವಾಗಿ ಸಿಗುವ ಆರೂವರೆ ಇಂಚಿನ ವೂಫರ್ ತೆಗೆದುಕೊಳ್ಳೋಣ. ಅದರ ಕಂಪಿಸುವ ಭಾಗದ ತ್ರಿಜ್ಯ ಸುಮಾರು 6.5 ಸೆಂಟಿಮೀಟರ್. 100 ಅಥವಾ 200 ಹರ್ಟ್ಜ್‌ನಲ್ಲಿ ಇಡೀ ಕೋನು ಒಂದೇ ತುಂಡಾಗಿ ಹಿಂದೆಮುಂದೆ ಸರಿಯುತ್ತದೆ. ಆವರ್ತಾಂಕ ಏರಿದಂತೆ ಸುರುಳಿಯ ಬಳಿ ಹುಟ್ಟಿದ ತಳ್ಳು ಅಂಚಿಗೆ ಮುಟ್ಟಲು ಬೇಕಾದ ಸಮಯ ಗಣನೆಗೆ ಬರುತ್ತದೆ. ಕಂಪನವು ಅಲೆಯಾಗಿ ಕೋನಿನ ಮೈಮೇಲೆ ಹೊರಕ್ಕೆ ಓಡಿ, ಅಂಚಿನ ರಬ್ಬರಿಗೆ ತಾಗಿ, ಅಲ್ಲಿ ಪೂರ್ತಿ ಅಡಗದಿದ್ದರೆ ಹಿಂತಿರುಗುತ್ತದೆ. ಹೋಗುವ ಅಲೆಯೂ ಬರುವ ಅಲೆಯೂ ಕೂಡಿ ನಿಂತ ಅಲೆಯಾಗುತ್ತವೆ. ಕೋನಿನ ಒಂದು ಉಂಗುರ ಮುಂದೆ ಬರುವಾಗ ಪಕ್ಕದ ಉಂಗುರ ಹಿಂದೆ ಸರಿಯುತ್ತಿರುತ್ತದೆ. ಇದನ್ನೇ ಕೋನು ಒಡೆಯುವುದು ಎನ್ನುತ್ತಾರೆ. ಕಾಗದ ಹರಿಯುವುದಿಲ್ಲ, ಒಗ್ಗಟ್ಟು ಮಾತ್ರ ಒಡೆಯುತ್ತದೆ. ಅಂಚಿನುದ್ದಕ್ಕೂ ಗಂಟೆಯ ಬಾಯಿಯಲ್ಲಿ ಕಾಣುವಂಥ ಕಂಪನಗಳೂ ಏಳುತ್ತವೆ. ಆದರೆ ಅವುಗಳಲ್ಲಿ ಮುಂದಕ್ಕೆ ಬಂದ ಭಾಗದಷ್ಟೇ ಹಿಂದಕ್ಕೆ ಹೋದ ಭಾಗವೂ ಇರುವುದರಿಂದ ಗಾಳಿಯಲ್ಲಿ ಒಂದನ್ನೊಂದು ಬಹುಪಾಲು ಅಳಿಸಿಹಾಕುತ್ತವೆ. ಕಿವಿಗೆ ಕಾಟ ಕೊಡುವುದು ಉಂಗುರದಾಕಾರದ ಕಂಪನಗಳು.

ಕಂಪಿಸುವ ಮೈ ಹೀಗೆ ಭಾಗವಾಗುವುದನ್ನು ಕಣ್ಣಾರೆ ತೋರಿಸಿದವರಲ್ಲಿ ಸಿ.ವಿ. ರಾಮನ್ ಒಬ್ಬರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, 1934ರಲ್ಲಿ, ಮೃದಂಗ ಮತ್ತು ತಬಲಾಗಳ ಬಗ್ಗೆ ಅವರು ಬರೆದ ಪ್ರಬಂಧ ಇಂದಿಗೂ ಓದುವಂತಿದೆ. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಅದು ಕಂಪನವಿಲ್ಲದ ಗೆರೆಗಳಲ್ಲಿ ಸೇರಿಕೊಳ್ಳುವುದನ್ನು ಅವರು ದಾಖಲಿಸಿದರು. ಬಿಗಿದು ಕಟ್ಟಿದ ಬರಿಯ ಚರ್ಮದ ಉಪಸ್ವರಗಳು ಮೂಲಸ್ವರದ 1.59, 2.14, 2.30 ಪಟ್ಟುಗಳಲ್ಲಿ ಬರುತ್ತವೆ. ಅವುಗಳಲ್ಲಿ ಸಂಗೀತದ ಹೊಂದಾಣಿಕೆ ಇಲ್ಲ. ಮೃದಂಗದ ನಡುವಿನ ಕಪ್ಪು ಕರಣೆ ಆ ಹೊಂದಾಣಿಕೆಯನ್ನು ತರುತ್ತದೆ. ಕರಣೆಯ ಭಾರದಿಂದ ಚರ್ಮದ ಒಂಬತ್ತು ಸಹಜ ಕಂಪನಗಳು ಐದು ಸ್ವರಗಳಾಗಿ ಗುಂಪುಗೂಡಿ, ಒಂದು, ಎರಡು, ಮೂರು ಎಂಬ ಪೂರ್ಣಾಂಕಗಳ ಸಾಲಿಗೆ ಬರುತ್ತವೆ ಎಂದು ರಾಮನ್ ತೋರಿಸಿದರು. ಮೃದಂಗ ಮಾಡುವವರು ಅನುರಣನವನ್ನು ಸಂಗೀತಕ್ಕೆ ಒಗ್ಗಿಸಿದ್ದಾರೆ. ಧ್ವನಿವರ್ಧಕ ಮಾಡುವವರಿಗೆ ಆ ದಾರಿಯಿಲ್ಲ. ಮೃದಂಗಕ್ಕೆ ತನ್ನ ದನಿ ಇರಲೇಬೇಕು, ಸ್ಪೀಕರಿಗೆ ಇರಲೇಬಾರದು.

ಸ್ಪೀಕರಿಗೆ ತನ್ನ ದನಿ ಇದ್ದರೆ ಏನಾಗುತ್ತದೆ? ಶಿವಮೊಗ್ಗ ಎಂಬ ಹೆಸರಿನ ಮೊದಲ ಅಕ್ಷರವನ್ನೇ ನೋಡಿ. ಶಕಾರದ ಶಕ್ತಿ ಹೆಚ್ಚಾಗಿ 3ರಿಂದ 4 ಸಾವಿರ ಹರ್ಟ್ಜ್ ಸುತ್ತ ಇರುತ್ತದೆ; ಸಕಾರದ್ದು ಅದಕ್ಕೂ ಮೇಲೆ, 5 ಸಾವಿರ ದಾಟಿ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವ ಪಟ್ಟಿಯೂ 2ರಿಂದ 5 ಸಾವಿರ ಹರ್ಟ್ಜ್. ಕೋನು ಒಡೆಯುವುದೂ ಬಹುಮಟ್ಟಿಗೆ ಅಲ್ಲೇ ಅಥವಾ ಅದರ ನೆರೆಯಲ್ಲೇ. ಕಾಗದದ ಕೋನಿನಲ್ಲಿ ಏರಿಳಿತಗಳು ಬೇಗ ಶುರುವಾಗುತ್ತವೆ, ಆದರೆ ಸಣ್ಣವು. ಅಲ್ಯೂಮಿನಿಯಂ ಕೋನು 4–5 ಸಾವಿರ ಹರ್ಟ್ಜ್‌ವರೆಗೆ ಅಚ್ಚುಕಟ್ಟಾಗಿದ್ದು, ಅಲ್ಲಿಂದಾಚೆ 10 ಡೆಸಿಬೆಲ್ ಅಥವಾ ಇನ್ನೂ ಎತ್ತರದ ಒಂದು ಚೂಪು ಶಿಖರ ಎಬ್ಬಿಸುತ್ತದೆ. ಅಂಥ ಶಿಖರ ಕೊಟ್ಟ ದನಿಯನ್ನು ಜೋರು ಮಾಡುವುದರ ಜೊತೆಗೆ, ದನಿ ನಿಂತ ಮೇಲೂ ಕೆಲವು ಮಿಲಿಸೆಕೆಂಡು ಮೊಳಗುತ್ತಿರುತ್ತದೆ. ಕನ್ನಡದ ತ, ಟ, ಕಗಳ ಸಿಡಿತವೂ ಕೆಲವೇ ಮಿಲಿಸೆಕೆಂಡುಗಳದು. ಒತ್ತಕ್ಷರಗಳ ನಡುವೆ ಇರಬೇಕಾದ ಆ ಸಣ್ಣ ಮೌನವನ್ನು ಕೋನು ತುಂಬಿಬಿಟ್ಟರೆ ಮಾತು ಒರಟಾಗುತ್ತದೆ, ಕೇಳುವವರಿಗೆ ಏಕೆಂದು ತಿಳಿಯದೆ ದಣಿವಾಗುತ್ತದೆ.

ತುಂಗೆಯ ದಂಡೆಯ ಮತ್ತೂರು, ಹೊಸಹಳ್ಳಿಗಳು ಕಾವ್ಯವನ್ನು ರಾಗವಾಗಿ ಓದುವ ಗಮಕಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ರಾಗದ ಜೊತೆಗೆ ಪದಚ್ಛೇದ ಮುಖ್ಯ. ಹಳಗನ್ನಡ, ನಡುಗನ್ನಡದ ಸಮಾಸ ಎಲ್ಲಿ ಮುರಿಯುತ್ತದೆ, ಯಾವ ಅಕ್ಷರ ಮಹಾಪ್ರಾಣ ಎಂಬುದು ಕೊನೆಯ ಸಾಲಿನವರಿಗೂ ಮುಟ್ಟದಿದ್ದರೆ ವಾಚನವೂ ವ್ಯಾಖ್ಯಾನವೂ ಸೊರಗುತ್ತವೆ. ಅಂಥ ಸಭೆಯಲ್ಲಿ ಇಡುವ ಸ್ಪೀಕರಿನ ಕ್ರಾಸ್‌ಓವರ್ ಒಳ್ಳೆಯದಾಗಿರಬೇಕು ಎನ್ನುವುದು ಸಾಹಿತ್ಯದ ಕಾಳಜಿಯೇ.

ರೇಡಿಯೋದ ಹಳೆಯ ಕೇಳುಗರಿಗೆ ಕೋನಿನ ಈ ತೊಂದರೆ ಅಷ್ಟಾಗಿ ತಟ್ಟಲಿಲ್ಲ. ಭದ್ರಾವತಿ ಕೇಂದ್ರದ ಮಧ್ಯಮ ತರಂಗ 675 ಕಿಲೋಹರ್ಟ್ಜ್. ನಮ್ಮಲ್ಲಿ ಮಧ್ಯಮ ತರಂಗದ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಜ್ ಆದ್ದರಿಂದ, ಮನೆಯ ರೇಡಿಯೋದಿಂದ ಹೊರಬರುತ್ತಿದ್ದ ದನಿ ಹೆಚ್ಚುಕಡಿಮೆ 5 ಸಾವಿರ ಹರ್ಟ್ಜ್ ಒಳಗೇ ಮುಗಿಯುತ್ತಿತ್ತು. ಒಂದೇ ಕಾಗದದ ಕೋನು ಅದಕ್ಕೆ ಸಾಕಾಗುತ್ತಿತ್ತು. ಅದೇ ಕೇಂದ್ರ 103.5 ಮೆಗಾಹರ್ಟ್ಜ್ ಎಫ್‌ಎಂನಲ್ಲಿ ಬಂದಾಗ ದನಿಯ ವ್ಯಾಪ್ತಿ 15 ಸಾವಿರ ಹರ್ಟ್ಜ್‌ವರೆಗೆ ಹಿಗ್ಗಿತು. ಅಷ್ಟು ಅಗಲದ ದನಿಗೆ ಟ್ವೀಟರ್ ಬೇಕು, ಟ್ವೀಟರ್ ಬಂದರೆ ಕ್ರಾಸ್‌ಓವರ್ ಬೇಕು.

ಕ್ರಾಸ್‌ಓವರಿನ ಮೂಲ ಸರಳ. ತಂತಿಯ ಸುರುಳಿ ಮೇಲ್ಸ್ವರಗಳನ್ನು ತಡೆಯುತ್ತದೆ, ಕೆಪ್ಯಾಸಿಟರ್ ಕೆಳಸ್ವರಗಳನ್ನು. 8 ಓಮ್‌ನ ಸ್ಪೀಕರನ್ನು 2,000 ಹರ್ಟ್ಜ್‌ನಲ್ಲಿ ಬೇರ್ಪಡಿಸಬೇಕೆಂದರೆ ಲೆಕ್ಕದ ಪ್ರಕಾರ 0.64 ಮಿಲಿಹೆನ್ರಿಯ ಸುರುಳಿ, 10 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್ ಸಾಕು. ಸುರುಳಿಯನ್ನು ಚಿಕ್ಕದಾಗಿಸಲು ಕೆಲವರು ಒಳಗೆ ಸಿಲಿಕಾನ್ ಬೆರೆಸಿದ ಉಕ್ಕಿನ ಪಟ್ಟಿ ಇಡುತ್ತಾರೆ. ಸಿಲಿಕಾನ್ ಬೆರೆತರೆ ಉಕ್ಕಿನೊಳಗೆ ಸುಳಿಯುವ ವಿದ್ಯುತ್ತು ಕಡಿಮೆಯಾಗಿ ನಷ್ಟ ತಗ್ಗುತ್ತದೆ. ಉಕ್ಕಿಗೆ ಆ ಸಿಲಿಕಾನ್ ಸೇರಿಸಲು ಬೇಕಾದ ಫೆರೊಸಿಲಿಕಾನನ್ನು ಭದ್ರಾವತಿಯ ಕಾರ್ಖಾನೆಯೂ ತಯಾರಿಸುತ್ತಿತ್ತು.

ಈಗ ಕೋನಿನ ಶಿಖರವನ್ನು ಈ ಲೆಕ್ಕದ ಎದುರು ನಿಲ್ಲಿಸಿ. ಶಿಖರ 5,000 ಹರ್ಟ್ಜ್‌ನಲ್ಲಿದೆ, ಎತ್ತರ 10 ಡೆಸಿಬೆಲ್ ಎಂದುಕೊಳ್ಳೋಣ. ಒಂದೇ ಸುರುಳಿಯ ಫಿಲ್ಟರ್ 2,000ದಲ್ಲಿ ಶುರುವಾದರೆ 5,000ಕ್ಕೆ ಬರುವ ಹೊತ್ತಿಗೆ ತಗ್ಗಿಸಿರುವುದು 8.6 ಡೆಸಿಬೆಲ್. ಅಂದರೆ ಶಿಖರದ ತುದಿ ಟ್ವೀಟರಿನ ದನಿಗಿಂತ ಇನ್ನೂ 1.4 ಡೆಸಿಬೆಲ್ ಮೇಲೇ ಇದೆ. ಸುರುಳಿಯ ಜೊತೆಗೆ ಕೆಪ್ಯಾಸಿಟರನ್ನೂ ಸೇರಿಸಿದ ಎರಡನೆಯ ದರ್ಜೆಯ ಫಿಲ್ಟರ್ 16 ಡೆಸಿಬೆಲ್ ಇಳಿಸುತ್ತದೆ. ಶಿಖರ ಟ್ವೀಟರಿಗಿಂತ 6 ಡೆಸಿಬೆಲ್ ಕೆಳಗೆ ಬಂದರೂ ಕಿವಿಗೆ ಸಿಗುತ್ತದೆ. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಎಂಜಿನಿಯರುಗಳಾಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ಅವರ ಹೆಸರಿನ ನಾಲ್ಕನೆಯ ದರ್ಜೆಯ ಫಿಲ್ಟರ್ ಅದೇ ಜಾಗದಲ್ಲಿ 32 ಡೆಸಿಬೆಲ್ ಇಳಿಸುತ್ತದೆ. ಶಿಖರ ಆಗ 22 ಡೆಸಿಬೆಲ್ ಕೆಳಗೆ. ಇಷ್ಟಾದರೆ ನೆಮ್ಮದಿ.

ಈ ಲೆಕ್ಕ ನಿಂತಿರುವುದು ಸ್ಪೀಕರು ಎಲ್ಲ ಆವರ್ತಾಂಕಗಳಲ್ಲೂ 8 ಓಮ್ ಇರುತ್ತದೆ ಎಂಬ ನಂಬಿಕೆಯ ಮೇಲೆ. ಯಾವ ವೂಫರೂ ಹಾಗಿರುವುದಿಲ್ಲ. ಅದರ ಸುರುಳಿಯೂ ಒಂದು ತಂತಿಸುರುಳಿಯೇ. 6 ಓಮ್ ರೋಧ ಮತ್ತು 0.5 ಮಿಲಿಹೆನ್ರಿ ಪ್ರೇರಕತ್ವ ಇದ್ದರೆ, 2,000 ಹರ್ಟ್ಜ್‌ನಲ್ಲಿ ಅದರ ಒಟ್ಟು ತಡೆ, ಅಂದರೆ ಇಂಪೀಡೆನ್ಸ್, 8.7 ಓಮ್, 5,000ದಲ್ಲಿ ಅದು ಸುಮಾರು 17 ಓಮ್‌ಗೆ ಏರಿರುತ್ತದೆ. ಎದುರಿನ ಭಾರ ಹೀಗೆ ಏರುತ್ತ ಹೋದರೆ 0.64 ಮಿಲಿಹೆನ್ರಿಯ ಫಿಲ್ಟರ್ ಸುರುಳಿಗೆ ತಡೆಯುವ ಹಿಡಿತ ಸಿಗುವುದಿಲ್ಲ. ಸರಳ ಲೆಕ್ಕದಲ್ಲಿ ಅದು ಎಷ್ಟೇ ಮೇಲಿನ ಆವರ್ತಾಂಕದಲ್ಲೂ ಸುಮಾರು 7 ಡೆಸಿಬೆಲ್‌ಗಿಂತ ಹೆಚ್ಚು ಇಳಿಸಲಾರದು, ಏಕೆಂದರೆ ಅಲ್ಲಿ ಎರಡು ಸುರುಳಿಗಳು 0.64ಕ್ಕೆ 0.5ರಂತೆ ವೋಲ್ಟೇಜನ್ನು ಹಂಚಿಕೊಂಡು ಕುಳಿತಿರುತ್ತವೆ. ಪೆಟ್ಟಿಗೆ ಕಟ್ಟಿದವರು ಫಿಲ್ಟರ್ ಹಾಕಿದ್ದೇನೆ ಎಂದುಕೊಂಡಿರುತ್ತಾರೆ, ಕೋನು ಮಾತ್ರ ಮೊಳಗುತ್ತಲೇ ಇರುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಕ್ರಾಸ್‌ಓವರ್ ಹಲಗೆಗಳು ನಿರಾಸೆ ಮಾಡುವುದಕ್ಕೆ ಇದು ಬಹುದೊಡ್ಡ ಕಾರಣ.

ಇದಕ್ಕೆ ಮದ್ದು ಹಳೆಯದು. ದೂರವಾಣಿ ಜಾಲಗಳಿಗಾಗಿ ಫಿಲ್ಟರುಗಳ ಗಣಿತ ಕಟ್ಟಿದ ಅಮೆರಿಕದ ಒಟ್ಟೊ ಜೋಬೆಲ್ ಹೆಸರಿನ ಜಾಲವದು. ಒಂದು ರೆಸಿಸ್ಟರ್, ಒಂದು ಕೆಪ್ಯಾಸಿಟರ್ ಸಾಲಾಗಿ ಜೋಡಿಸಿ ಸ್ಪೀಕರಿಗೆ ಸಮಾಂತರವಾಗಿ ಇಡುವುದು. ಮೇಲಿನ ವೂಫರಿಗೆ 7.5 ಓಮ್ ಮತ್ತು 9 ಮೈಕ್ರೋಫ್ಯಾರಡ್ ಹಾಕಿದರೆ 5,000 ಹರ್ಟ್ಜ್‌ನಲ್ಲಿ 17 ಓಮ್ ಇದ್ದ ಭಾರ ಸುಮಾರು 7.7 ಓಮ್‌ಗೆ ಇಳಿಯುತ್ತದೆ, ಫಿಲ್ಟರ್ ಸುರುಳಿ ಪುಸ್ತಕದಲ್ಲಿ ಹೇಳಿದಂತೆ ಕೆಲಸ ಮಾಡತೊಡಗುತ್ತದೆ. ಎರಡು ಅಗ್ಗದ ಬಿಡಿಭಾಗಗಳಿಂದ ಇಷ್ಟು ಲಾಭ ಸಿಗುವುದು ಅಪರೂಪ.

ಶಿಖರ ಇನ್ನೂ ಹಟ ಹಿಡಿದರೆ ಅದಕ್ಕೆಂದೇ ಒಂದು ಬಲೆ ಒಡ್ಡಬಹುದು. ಸುರುಳಿ ಮತ್ತು ಕೆಪ್ಯಾಸಿಟರನ್ನು ಒಂದಕ್ಕೊಂದು ಸಮಾಂತರವಾಗಿ ಕಟ್ಟಿ, ಆ ಜೋಡಿಯನ್ನು ವೂಫರಿನ ದಾರಿಯಲ್ಲಿ ಸಾಲಾಗಿ ಇಡಬೇಕು. ತನ್ನ ಅನುರಣನದ ಆವರ್ತಾಂಕದಲ್ಲಿ ಈ ಜೋಡಿ ವಿದ್ಯುತ್ತಿಗೆ ಗೋಡೆಯಾಗುತ್ತದೆ. 0.1 ಮಿಲಿಹೆನ್ರಿ, 10 ಮೈಕ್ರೋಫ್ಯಾರಡ್ ಸೇರಿದರೆ ಆ ಆವರ್ತಾಂಕ 5,030 ಹರ್ಟ್ಜ್. ಇವೆರಡಕ್ಕೂ ಸಮಾಂತರವಾಗಿ 47 ಓಮ್ ರೆಸಿಸ್ಟರ್ ಇಟ್ಟರೆ ನಮ್ಮ ವೂಫರಿನಲ್ಲಿ ತಗ್ಗಿನ ಆಳ ಸುಮಾರು 10 ಡೆಸಿಬೆಲ್, ಶಿಖರದ ಎತ್ತರದಷ್ಟೇ. ಕೋನಿನ ಅನುರಣನವನ್ನು ವಿದ್ಯುತ್ತಿನ ಅನುರಣನದಿಂದಲೇ ಅಳಿಸುವ ಈ ಉಪಾಯ ನನಗೆ ಬಹಳ ಚೆಲುವಾಗಿ ಕಾಣುತ್ತದೆ. ತಗ್ಗಿನ ಆಕಾರ ಶಿಖರದ ಆಕಾರಕ್ಕೆ ಸರಿಯಾಗಿ ಹೊಂದಿದರೆ ಉಬ್ಬು ಸಮವಾಗುವುದರ ಜೊತೆಗೆ ದನಿ ನಿಂತ ಮೇಲಿನ ಮೊಳಗೂ ಅಡಗುತ್ತದೆ.

ಫಿಲ್ಟರಿಗೆ ತಡೆಯಲಾಗದ ಒಂದು ಹಾನಿಯೂ ಇದೆ, ಇದನ್ನು ಕಲಿಯದೆ ಹಲವರು ವರ್ಷಗಟ್ಟಲೆ ಪರದಾಡುತ್ತಾರೆ. ಫಿಲ್ಟರ್ ಹೊರಗಿನಿಂದ ಬರುವ 5,000 ಹರ್ಟ್ಜ್ ಅನ್ನು ತಡೆಯುತ್ತದೆ. ಆದರೆ ವೂಫರ್ ತನ್ನೊಳಗೇ 5,000 ಹರ್ಟ್ಜ್ ಹುಟ್ಟಿಸಿದರೆ? ಅಯಸ್ಕಾಂತದ ನಡುವೆ ಸುರುಳಿ ಸರಿಯುವಾಗ ಬಲ ಎಲ್ಲ ಕಡೆ ಒಂದೇ ಇರುವುದಿಲ್ಲ, ಕಬ್ಬಿಣದ ಕಾಂತಗುಣವೂ ಪೂರ್ತಿ ನೇರವಾಗಿ ವರ್ತಿಸುವುದಿಲ್ಲ. ಅದರಿಂದ ಮೂಲಸ್ವರದ ಮೂರು ಪಟ್ಟಿನ ವಿಕಾರಸ್ವರ ಹುಟ್ಟುತ್ತದೆ. 1,667 ಹರ್ಟ್ಜ್‌ನ ಸ್ವರ ವೂಫರಿನ ಪಾಲಿನದ್ದೇ, ಅದಕ್ಕೆ ಫಿಲ್ಟರಿನ ಅಡ್ಡಿಯಿಲ್ಲ. ಅದರ ಮೂರು ಪಟ್ಟು ಹೆಚ್ಚುಕಡಿಮೆ 5,000. ಅರ್ಧ ಪ್ರತಿಶತವಿದ್ದ ವಿಕಾರವನ್ನು 10 ಡೆಸಿಬೆಲ್‌ನ ಶಿಖರ ಒಂದೂವರೆ ಪ್ರತಿಶತಕ್ಕೆ ಏರಿಸುತ್ತದೆ. ಶಿಖರದ ಆವರ್ತಾಂಕದ ಮೂರನೇ ಒಂದು ಭಾಗಕ್ಕಿಂತ ಕೆಳಗೇ ಕ್ರಾಸ್‌ಓವರ್ ಮಾಡಿ ಎಂದು ಅನುಭವಿಗಳು ಹೇಳುವುದು ಇದಕ್ಕಾಗಿ. ಬಲೆಯನ್ನು ಜೋಬೆಲ್ ಜಾಲದ ಆಚೆ, ವೂಫರಿನ ತಂತಿಗೇ ಹತ್ತಿಸಿ ಇಟ್ಟರೆ ಈ ಒಳಗಿನ ವಿಕಾರಕ್ಕೂ ಸ್ವಲ್ಪ ಕಡಿವಾಣ ಬೀಳುತ್ತದೆ: ಸುರುಳಿಯಲ್ಲಿ ಹುಟ್ಟಿದ ಆ ಪ್ರವಾಹ ಸುತ್ತಿ ಬರಲು ಗೋಡೆ ದಾಟಬೇಕಾಗುತ್ತದೆ.

ಕ್ರಾಸ್‌ಓವರನ್ನು ಕೆಳಗಿಳಿಸಿದಷ್ಟೂ ಟ್ವೀಟರಿಗೆ ಕಷ್ಟ ಹೆಚ್ಚುತ್ತದೆ. ಅಷ್ಟೇ ಜೋರಿನ ದನಿಗೆ ಆವರ್ತಾಂಕ ಅರ್ಧವಾದರೆ ಟ್ವೀಟರಿನ ಗುಮ್ಮಟ ನಾಲ್ಕು ಪಟ್ಟು ಓಡಾಡಬೇಕು. ಹಬ್ಬದ ಮೆರವಣಿಗೆಯಲ್ಲಿ ಟ್ವೀಟರುಗಳು ಸುಟ್ಟುಹೋಗುವುದಕ್ಕೆ ಇದೂ ಒಂದು ಕಾರಣ.

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುವಂತೆ ವೂಫರ್ ಮತ್ತು ಟ್ವೀಟರಿನ ದನಿಗಳು ಒಂದು ಪಟ್ಟಿಯಲ್ಲಿ ಬೆರೆತೇ ಸಾಗಬೇಕು. ಲಿಂಕ್‌ವಿಟ್ಜ್ ತಮ್ಮ 1976ರ ಪ್ರಬಂಧದಲ್ಲಿ ಒತ್ತಿ ಹೇಳಿದ್ದು ಇದನ್ನೇ: ಸೇರುವ ಜಾಗದಲ್ಲಿ ಎರಡೂ ಅಲೆಗಳು ಹೆಜ್ಜೆ ತಪ್ಪಿರಬಾರದು. ಅವರ ನಾಲ್ಕನೆಯ ದರ್ಜೆಯ ಫಿಲ್ಟರಿನಲ್ಲಿ ಎರಡೂ ತಲಾ 6 ಡೆಸಿಬೆಲ್ ತಗ್ಗಿರುತ್ತವೆ, ಹೆಜ್ಜೆ ಕೂಡಿರುವುದರಿಂದ ಮೊತ್ತ ಸಮವಾಗುತ್ತದೆ. ಕೋನಿನ ಶಿಖರವನ್ನು ಹಾಗೇ ಬಿಟ್ಟರೆ ವೂಫರಿನ ಹೆಜ್ಜೆ ಆ ಸುತ್ತಿನಲ್ಲಿ ಏರುಪೇರಾಗಿ ಈ ಜೋಡಣೆಯೂ ಕೆಡುತ್ತದೆ.

ವಸ್ತುವಿನಿಂದಲೇ ಅರ್ಧ ಪರಿಹಾರ ಹುಡುಕಿದವರು ಬಿಬಿಸಿಯ ಎಂಜಿನಿಯರುಗಳು. 1960ರ ದಶಕದ ಕೊನೆಗೆ ಡಡ್ಲಿ ಹಾರ್‌ವುಡ್ ಮತ್ತು ಸಂಗಡಿಗರು ಕಾಗದ ಬಿಟ್ಟು ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕಿನ ಕೋನಿಗೆ ಹೊರಳಿದರು. ಅದು ಮೊಳಗದಂತೆ ಮೇಲೆ ಅಂಟಿನಂಥ ಲೇಪ ಬಳಿಯಲಾಗುತ್ತಿತ್ತು. 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ಅವರು ರೂಪಿಸಿದ ಎಲ್‌ಎಸ್3/5ಎ ಎಂಬ ಒಂದಡಿ ಎತ್ತರದ ಪೆಟ್ಟಿಗೆಯಲ್ಲಿ ಕೆಇಎಫ್ ಕಂಪನಿಯ ಅಂಥದ್ದೇ ಕೋನು ಇತ್ತು. ಲೇಪದ ನಂತರವೂ ಅದರ ಮಧ್ಯಸ್ವರದಲ್ಲಿ ಉಬ್ಬೊಂದು ಉಳಿದಿತ್ತು. ಅದನ್ನು ಇಳಿಸಲು ಕ್ರಾಸ್‌ಓವರಿನಲ್ಲೇ ಪ್ರತ್ಯೇಕ ಜಾಲ ಇಟ್ಟರು. ಅಷ್ಟು ಚಿಕ್ಕ ಪೆಟ್ಟಿಗೆಗೆ ಅಷ್ಟು ಬಿಡಿಭಾಗಗಳ ಕ್ರಾಸ್‌ಓವರ್ ಆಗ ವಿಚಿತ್ರವೆನಿಸಿರಬೇಕು. ಆದರೆ ಮಾತಿನ ಸಹಜತೆಗೆ ಅದು ಇಂದಿಗೂ ಮಾದರಿ.

ಎತ್ತರದ ಶಿಖರವೇ ದೊಡ್ಡ ಶತ್ರು ಎಂದು ತಿಳಿಯುವುದೂ ತಪ್ಪು. ಕೆನಡಾದಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ನಡೆಸಿ 1988ರಲ್ಲಿ ಪ್ರಕಟಿಸಿದ ಪ್ರಯೋಗಗಳು ಹೇಳುವಂತೆ, ತಗ್ಗಾದ ಅಗಲ ಉಬ್ಬು ಎತ್ತರದ ಚೂಪು ಶಿಖರಕ್ಕಿಂತ ಸುಲಭವಾಗಿ ಕಿವಿಗೆ ಸಿಕ್ಕಿಬೀಳುತ್ತದೆ. ಚೂಪು ಶಿಖರವನ್ನು ಸರಿಯಾಗಿ ಮುಟ್ಟುವ ಸ್ವರ ಅಪರೂಪಕ್ಕೆ ಬರುತ್ತದೆ, ಅಗಲ ಉಬ್ಬು ಪ್ರತಿ ಮಾತಿಗೂ ಬಣ್ಣ ಬಳಿಯುತ್ತದೆ. ಲೋಹದ ಕೋನಿನ ಗ್ರಾಫ್ ನೋಡಿ ಹೆದರುವವರು ಕಾಗದದ ಕೋನಿನ ಸಾಧು ಉಬ್ಬನ್ನು ಹಾಗೇ ಬಿಡುತ್ತಾರೆ. ಎರಡೂ ತಿದ್ದಬೇಕಾದವೇ.

ಮಲೆನಾಡಿನಲ್ಲಿ ಇನ್ನೊಂದು ಎಚ್ಚರ ಬೇಕು. ಕಾಗದ ತೇವ ಹೀರುತ್ತದೆ. ಆಷಾಢದ ಜಡಿಮಳೆಯಲ್ಲಿ ಲೇಪವಿಲ್ಲದ ಕೋನಿನ ತೂಕ ಹೆಚ್ಚಿ ಬಿಗಿ ತಗ್ಗುತ್ತದೆ. ಒಡೆಯುವ ಆವರ್ತಾಂಕ ಕೆಳಗೆ ಜಾರುತ್ತದೆ. ಬೇಸಿಗೆಯಲ್ಲಿ ಅಳೆದು ಕಟ್ಟಿದ ಅತಿ ಕಿರಿದಾದ ಬಲೆ ಮಳೆಗಾಲದಲ್ಲಿ ಶಿಖರದ ಪಕ್ಕಕ್ಕೆ ಬಿದ್ದು, ಇಲ್ಲದ ಕಡೆ ತಗ್ಗು ತೋಡಿ ಇರುವ ಕಡೆ ಉಬ್ಬನ್ನು ಉಳಿಸುತ್ತದೆ. ಇಲ್ಲಿಯ ಹವೆಗೆ ಸ್ವಲ್ಪ ಅಗಲವಾದ, ಅಷ್ಟೇನೂ ಆಳವಲ್ಲದ ಬಲೆಯೇ ಮೇಲು. ಈಚಿನ ಆಂಪ್ಲಿಫೈಯರುಗಳ ಡಿಜಿಟಲ್ ಫಿಲ್ಟರುಗಳಲ್ಲಿ ಕೂದಲೆಳೆಯಷ್ಟು ಕಿರಿದಾದ ತಗ್ಗನ್ನೂ ಗುಂಡಿ ಒತ್ತಿ ಮಾಡಬಹುದು. ಮಾಡಬಹುದೆಂದು ಮಾಡಬೇಕಿಲ್ಲ.

ಶಿವಮೊಗ್ಗ, ಭದ್ರಾವತಿಗಳಲ್ಲಿ ಸ್ಪೀಕರ್ ಪೆಟ್ಟಿಗೆ ಕಟ್ಟುವವರಿಗೆ, ಕೋನು ಬದಲಿಸಿ ರಿಪೇರಿ ಮಾಡುವವರಿಗೆ, ಮೈಕ್‌ಸೆಟ್ ಬಾಡಿಗೆಗೆ ಕೊಡುವವರಿಗೆ ನನ್ನ ಕೋರಿಕೆ ಇಷ್ಟು. ಕ್ರಾಸ್‌ಓವರ್ ಹಲಗೆ ಕೊಳ್ಳುವ ಮೊದಲು ನಿಮ್ಮ ಕೈಯಲ್ಲಿರುವ ವೂಫರನ್ನು ಅದರ ಪೆಟ್ಟಿಗೆಯಲ್ಲೇ ಇಟ್ಟು ಅಳೆಯಿರಿ. ಅಳತೆಯ ಮೈಕು ಈಗ ದುಬಾರಿಯಲ್ಲ, ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಆವರ್ತಾಂಕದ ಗ್ರಾಫ್ ನೇರ ಎದುರಿನಿಂದಲೂ ಪಕ್ಕದಿಂದಲೂ ಬೇಕು, ಜೊತೆಗೆ ಇಂಪೀಡೆನ್ಸ್ ಗ್ರಾಫ್ ಒಂದು. ಇಂಪೀಡೆನ್ಸ್ ಗೆರೆಯಲ್ಲಿ ಸಾವಿರ ಹರ್ಟ್ಜ್ ದಾಟಿದ ಮೇಲೆ ಕಾಣುವ ಸಣ್ಣ ಗಂಟನ್ನೂ ಬಿಡಬೇಡಿ, ಕೋನೋ ಅಂಚೋ ಮೊಳಗುವುದು ಹೆಚ್ಚಾಗಿ ಅಲ್ಲೇ. ಫಿಲ್ಟರ್ ಕಟ್ಟಿದ ಮೇಲೆ ಚಿತ್ರಗೀತೆ ಹಾಕಿ ಪರೀಕ್ಷಿಸುವ ಬದಲು ಒಬ್ಬರು ಎದುರು ನಿಂತು ಓದಿದ ಕನ್ನಡವನ್ನು, ಅದೇ ಓದಿನ ಧ್ವನಿಮುದ್ರಣದೊಡನೆ ಹೋಲಿಸಿ ಕೇಳಿ. ಶ, ಷ, ಸ ಮೂರೂ ಬೇರೆಬೇರೆಯಾಗಿ ಕೇಳಿಸಿದರೆ ನಿಮ್ಮ ಫಿಲ್ಟರ್ ಸರಿಯಿದೆ.